ಜೋಡಿಕಲ್ಲಿನ ಗುರುತು

ಕೆಟಲ್‌ವಿಕ್, ಯಾರ್ಕ್‌ಶೈರ್ ಕರಾವಳಿ
4 ಫೆಬ್ರವರಿ 1889, ಸೋಮವಾರ

ಗಿಡಿಯನ್ ಅಣ್ಣನಿಗೆ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡು ಬಂತು. ಏಳು ವರ್ಷಕ್ಕೆ ಏಳು ಕಾರ್ಡು, ಏಳರಲ್ಲೂ ಒಂದೇ ಮಾತು: ‘ಎಲ್ಲರೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ.’ ನಂಬಿಕೆ ನಿನ್ನದು, ನೀನೇ ಇಟ್ಟುಕೋ. ಇವತ್ತು ನಾನು ಬರೆಯುತ್ತಿರುವುದು ಕೆಲಸವಿದ್ದು.

ನನ್ನ ಮಗಳು ಡಾರ್ಕಸ್‌ಗೆ ಮದುವೆ ಕೂಡಿಬಂದಿದೆ. ನೀನು ಊರು ಬಿಟ್ಟಾಗ ಹನ್ನೆರಡರ ಹುಡುಗಿ, ಈಗ ಹತ್ತೊಂಬತ್ತು. ಹುಡುಗ ಏಮಸ್ ಹಾರ್ಲಂಡ್. ಸ್ವಂತ ದೋಣಿ ಇದೆ, ಕುಡಿತವಿಲ್ಲ, ಬಾಯಿ ಸ್ವಲ್ಪ ಹೆಚ್ಚು, ಅಷ್ಟೇ. ಅವನಿಗೆ ಇವಳೇ ಬೇಕು, ಇವಳಿಗೆ ಅವನೇ ಬೇಕು. ಬೇಡವಾಗಿರುವುದು ಅವನ ತಾಯಿಗೆ. ಹೋದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಮೆಲ್ಲಗೆ ಹೇಳಿದಳು, ಅದೇ ಹೆಚ್ಚು ಉರಿಯಿತು. “ಹೆಸ್ಟರ್, ನಿನ್ ಮಗಳ ಮೇಲೆ ನಂಗೇನೂ ಸಿಟ್ಟಿಲ್ಲ ಕಣೇ. ಆದ್ರೆ ಜೋಡಿಕಲ್ಲಿಟ್ಟ ಗುಂಡುಕಲ್ಲಿಗೆ ಕೈ ಹಾಕ್ದೋನ ರಕ್ತ ಅದು. ನಮ್ಮನೆಗೆ ಬೇಡ.”

ನಮ್ಮೂರಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ, ಅದಕ್ಕೆ ಕಾರಣ ನಿನಗೂ ಗೊತ್ತು. ಕಡಲಂಚಿನಲ್ಲಿ ಹಾವುಗಲ್ಲಿನ ಗುಂಡು, ಒಳಗೆ ಹಾವಿನಂತೆ ಸುತ್ತಿದ ಕಲ್ಲುಸುರುಳಿಯಿರುವ ಗುಂಡುಕಲ್ಲು, ಕಂಡವನು ಅದರ ಮೇಲೆ ತನ್ನ ಗುರುತಿನ ಎರಡು ಕಲ್ಲು ಒಂದರ ಮೇಲೊಂದಿಟ್ಟರೆ ಮುಗಿಯಿತು, ಅದು ಅವನದು. ಹೊಟ್ಟೆಗಿಲ್ಲದೆ ಸಾಯುವವನೂ ಮುಟ್ಟುವುದಿಲ್ಲ. ಉಬ್ಬರ ಏರಿ ಬರುತ್ತಿದ್ದರೆ ಇಟ್ಟವನ ಮನೆಯವರು ಎತ್ತಿ ಮೇಲಿಡಬಹುದು. ಅದೂ ಅವನು ಹೇಳಿದ್ದರೆ ಮಾತ್ರ. ಅವನೇ ಒಡೆಯಬೇಕು, ಅವನೇ ಒಳಗಿನ ಸುರುಳಿಯನ್ನು ನೋಡಬೇಕು.

ಮುಳ್ಳುಮೂಲೆಯಲ್ಲಿ ಬಂಡೆಗೋಡೆ ಕುಸಿದು ನನ್ನ ಗಂಡ ಸೆತ್ ಸತ್ತನಲ್ಲ, ಅಂದು ಮಣ್ಣು ತೆಗೆದಾಗ ಅವನು ಎದೆಗೆ ಅವುಚಿಕೊಂಡಿದ್ದದ್ದು ನಿನ್ನ ಗುಂಡು. ನಡುವಿಗೆ ಕೆಂಪು ಪಟ್ಟಿಯಿರುವ ಗುಂಡು. ಬೆಳಿಗ್ಗೆ ಅದರ ಮೇಲೆ ನಿನ್ನ ಜೋಡಿಕಲ್ಲು, ಕರಿದರ ಮೇಲೆ ಬಿಳಿದು, ಇದ್ದದ್ದನ್ನು ನಾಲ್ಕು ಜನ ಕಂಡಿದ್ದರು. ನೀವಿಬ್ಬರೂ ಮೂರು ವಾರದಿಂದ ಮಾತು ಬಿಟ್ಟಿದ್ದೀರಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಸಮಾಧಿಯ ಹತ್ತಿರ ಹಿರಿಯರು ಕೇಳಿದರು, “ಗಿಡಿಯನ್, ಎತ್ತಿಡು ಅಂತ ನೀನ್ ಹೇಳಿದ್ಯಾ?” ನೀನು ‘ಇಲ್ಲ’ ಎಂದೆ. ಆ ಒಂದು ಮಾತಿಗೆ ಸೆತ್ ಕಳ್ಳನಾದ. ತಿಂಗಳು ತುಂಬುವ ಮೊದಲೇ ನೀನು ಲೀಡ್ಸಿಗೆ ಹೊರಟುಹೋದೆ.

ನಾನು ಕೇಳುವುದು ಇಷ್ಟೇ. ಈಸ್ಟರ್‌ಗೆ ಮುಂಚೆ ಒಂದು ಭಾನುವಾರ ಬಾ. ಚರ್ಚಿನಲ್ಲಿ ಎದ್ದು ನಿಂತು, ‘ನಾನೇ ಹೇಳಿದ್ದೆ, ಆವತ್ತು ದುಃಖದಲ್ಲಿ ಮರೆತೆ’ ಎನ್ನು. ಸುಳ್ಳಾದರೂ ಸರಿ. ಸತ್ತವನಿಗೆ ನಿನ್ನ ಕೈಯಿಂದ ಅಷ್ಟಾದರೂ ಸಲ್ಲಲಿ.

ನಿನ್ನ ಗುಂಡು ಇನ್ನೂ ನನ್ನ ಬಟ್ಟೆ ಒಗೆಯುವ ಕೋಣೆಯಲ್ಲಿದೆ. ಅದರ ಮೇಲೆ ನಾನೇ ಕರಿಯ ಮೇಲೆ ಬಿಳಿ ಕಲ್ಲಿಟ್ಟಿದ್ದೇನೆ, ಕಳ್ಳನ ಮನೆಯವರು ನುಂಗಿಹಾಕಿದರು ಎಂಬ ಮಾತು ಬರಬಾರದೆಂದು. ಬಂದಾಗ ಒಯ್ಯಿ.

ಹೆಸ್ಟರ್


ಲೀಡ್ಸ್
16 ಫೆಬ್ರವರಿ 1889

ಪ್ರೀತಿಯ ಹೆಸ್ಟರ್,

ಡಾರ್ಕಸ್‌ಳ ಸುದ್ದಿ ಓದಿ ಬಹಳ ಸಂತೋಷವಾಯಿತು. ಅವಳಿಗೆಂದು ಮೂರು ಗಜ ಲೇಸು ಇದರ ಜೊತೆ ಕಳಿಸಿದ್ದೇನೆ. ಅಂಗಡಿಯವಳು ಇದು ಬೆಲ್ಜಿಯಂನದು ಎಂದಳು, ಅಲ್ಲದಿದ್ದರೂ ಚೆನ್ನಾಗಿದೆ.

ಉತ್ತರಕ್ಕೆ ತಡವಾಯಿತು. ಯಜಮಾನರಾದ ಪೆಟಿಫರ್ ಅವರಿಗೆ ಒಂದು ಪೆಟ್ಟಿಗೆ ತುಂಬ ಕಲ್ಲು ಬಂದಿತ್ತು. ಅವರ ನೆಲಮಾಳಿಗೆಯಲ್ಲಿ ಕೂತು ಸೂಜಿ ಹಿಡಿದು ಸುರುಳಿಯ ಸಂದುಗಳಿಂದ ಮಣ್ಣು ಬಿಡಿಸುವುದೇ ನನ್ನ ದಿನ. ಒಂದು ಕಲ್ಲಿಗೆ ಯಾರೋ ಹಾವಿನ ತಲೆ ಕೆತ್ತಿ ಎರಡು ಕಣ್ಣು ಬೇರೆ ಕೊರೆದಿದ್ದರು. ಯಜಮಾನರು ಅದನ್ನು ಕಿಟಕಿಯಿಂದಾಚೆ ಎಸೆದರು. ಹಿಂದೊಬ್ಬ ಸನ್ಯಾಸಿನಿ ಸಂತಮ್ಮ ಹಾವುಗಳ ತಲೆ ಕತ್ತರಿಸಿ ಕಲ್ಲು ಮಾಡಿದಳು, ತಲೆ ನಾವೇ ಕೂಡಿಸಬೇಕು ಎಂಬ ನಮ್ಮೂರಿನ ಮಾತು ಹೇಳಿದೆ. ಅವರು ನಗಲಿಲ್ಲ. ಸೆತ್ ಇದ್ದಿದ್ದರೆ ಅವರ ಪಕ್ಷ ವಹಿಸುತ್ತಿದ್ದ.

ನೀನು ಕೇಳಿದ್ದರ ಬಗ್ಗೆ ಬಹಳ ಯೋಚಿಸಿದೆ. ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳು ಎಂದೆಯಲ್ಲ, ಅದು ನನ್ನಿಂದಾಗದು. ಹಳೆಯದನ್ನು ಕೆದಕಿದರೆ ಯಾರಿಗೂ ಒಳಿತಿಲ್ಲ. ಹಾರ್ಲಂಡ್ ಅಮ್ಮ ಕೆಟ್ಟವಳಲ್ಲ, ದಿನ ಕಳೆದಂತೆ ಮೆತ್ತಗಾಗುತ್ತಾಳೆ. ಆ ಗುಂಡು ನನಗೆ ಬೇಡ.

ನೀನೀಗ ಕಲ್ಲು ಎಲ್ಲಿ ಆಯುತ್ತೀಯ? ದಕ್ಷಿಣದ ಹಾಸುಬಂಡೆಯ ಮೇಲೆಯೇ ಇರಬೇಕು, ಅಲ್ಲಿ ಗಾಳಿಯೂ ಕಮ್ಮಿ. ಬರೆ.

ನಿನ್ನ ಅಣ್ಣ
ಗಿಡಿಯನ್


ಕೆಟಲ್‌ವಿಕ್
20 ಫೆಬ್ರವರಿ 1889

ಗಿಡಿಯನ್,

ಲೇಸು ಪೆಟ್ಟಿಗೆಯಲ್ಲಿಟ್ಟೆ. ಮದುವೆಯೇ ಇಲ್ಲದ ಮೇಲೆ ಲೇಸು ಯಾತಕ್ಕೆ ಎಂದು ಡಾರ್ಕಸ್ ಕೇಳಲಿಲ್ಲ, ಆದರೆ ನೋಡಿದಳು.

ದೇವರ ಮನೆಯಲ್ಲಿ ನಿನಗೆ ಸುಳ್ಳು ಹೇಳಲಾಗದು. ಒಳ್ಳೆಯದು. ಇನ್ನು ಕೇಳುವುದಿಲ್ಲ.

ಎಲ್ಲಿ ಆಯುತ್ತೀಯ ಎಂದೆ. ದಕ್ಷಿಣದ ಹಾಸುಬಂಡೆಗೆ ಜನ ಇಬ್ಬಿಬ್ಬರಾಗಿ ಹೋಗುತ್ತಾರೆ, ಒಬ್ಬರು ಕಲ್ಲಿನ ಮೇಲೆ ಕಣ್ಣಿಟ್ಟರೆ ಇನ್ನೊಬ್ಬರು ನೀರಿನ ಮೇಲೆ. ಕಳ್ಳನ ಹೆಂಡತಿಗೆ ಜೊತೆ ಯಾರು? ಎರಡು ವರ್ಷದಿಂದ ನಾನೂ ಡಾರ್ಕಸ್ಸೂ ಹೋಗುತ್ತಿರುವುದು ಮುಳ್ಳುಮೂಲೆಗೆ. ಹೌದು, ಸೆತ್ ಬಿದ್ದ ಜಾಗಕ್ಕೇ. ಅಲ್ಲಿಗೆ ಬೇರೆ ಯಾರೂ ಕಾಲಿಡುವುದಿಲ್ಲ. ನಮ್ಮ ಪಾಲಿಗೆ ಒಳ್ಳೆಯದೇ ಆಯಿತು, ಗುಂಡುಗಳು ಬೇಕಾದಷ್ಟು.

ನಿನಗೆ ಹೊಟ್ಟೆ ಉರಿಯಲಿ ಎಂದೇ ಬರೆಯುತ್ತೇನೆ. ಗೋಡೆಯ ಬುಡದಲ್ಲಿ, ಹಳೇ ಕುಸಿತದ ಪಕ್ಕಕ್ಕೆ, ಒಂದು ಗುಂಡು ಹೊರಗೆ ಮೂತಿ ಹಾಕಿದೆ. ನೀರು ಕಾಯಿಸುವ ಹಂಡೆಯಷ್ಟಿದೆ. ಡಾರ್ಕಸ್ ಸುತ್ತಿಗೆಯ ಹಿಂಬದಿಯಿಂದ ತಟ್ಟಿ ಕಿವಿಯಿಟ್ಟು ಕೇಳಿ, “ತುಂಬಿದೆಯಮ್ಮಾ,” ಎಂದಳು. ಅಪ್ಪನ ಕಿವಿ ಅವಳದು. ಒಂದು ಕಾಲಕ್ಕೆ ಊರಿಗೆ ಊರೇ ತನ್ನ ಗುಂಡುಗಳನ್ನು ನಮ್ಮ ಬಾಗಿಲಿಗೆ ಹೊತ್ತು ತರುತ್ತಿರಲಿಲ್ಲವೇ? ಸೆತ್ ಒಂದು ಸಲ ತಟ್ಟುತ್ತಿದ್ದ. ‘ಇದೆ.’ ‘ಖಾಲಿ.’ ಒಂದು ಸಲವೂ ತಪ್ಪಿದ್ದಿಲ್ಲ. ಖಾಲಿ ಎಂದದ್ದನ್ನು ಒಂದು ಹೆಜ್ಜೆ ದೂರವೂ ಹೊರುತ್ತಿರಲಿಲ್ಲ ಮಹಾರಾಯ.

ಮಾರ್ಚ್ 19, ಮಂಗಳವಾರ ದೊಡ್ಡ ಇಳಿತ. ಹನ್ನೊಂದರ ಹೊತ್ತಿಗೆ ನೀರು ತಳಕ್ಕೆ ಹೋಗಿರುತ್ತದೆ. ಅಷ್ಟರಲ್ಲಿ ಸುತ್ತ ಬಿಡಿಸಿಟ್ಟು, ಆವತ್ತು ಹಗ್ಗ ಹಾಕಿ ಎಳೆಯುತ್ತೇವೆ. ನನ್ನ ಗುರುತು ಇಟ್ಟಾಗಿದೆ. ಇಡೀ ಊರಿನ ಮುಂದೆ, ಅವನು ಸತ್ತ ಜಾಗದಿಂದಲೇ, ನನ್ನ ಜೋಡಿಕಲ್ಲಿಟ್ಟ ಗುಂಡನ್ನು ಹೊತ್ತು ತರುತ್ತೇನೆ. ಅದನ್ನು ಯಾರು ಕದ್ದದ್ದು ಎನ್ನುತ್ತಾರೋ ನೋಡೋಣ.

ಹೆಸ್ಟರ್


ಲೀಡ್ಸ್
22 ಫೆಬ್ರವರಿ 1889

ಹೆಸ್ಟರ್,

ಮುಳ್ಳುಮೂಲೆಗೆ ಹೋಗಬೇಡ. ಡಾರ್ಕಸ್‌ಳನ್ನೂ ಕಳಿಸಬೇಡ. ಆ ಗುಂಡು ಅಲ್ಲೇ ಇರಲಿ. ಅಣ್ಣನಾಗಿ ಕೇಳಿಕೊಳ್ಳುತ್ತೇನೆ. ಕಾರಣ ಕೇಳಬೇಡ.

ಗಿಡಿಯನ್


ಕೆಟಲ್‌ವಿಕ್
3 ಮಾರ್ಚ್ 1889, ಭಾನುವಾರ

ಗಿಡಿಯನ್,

ಏಳು ವರ್ಷ ಒಂದೊಂದು ಸಾಲಿನಲ್ಲಿ ಕಳೆದವನು ಮರುದಿನದ ಟಪ್ಪಾಲಿಗೇ ಉತ್ತರ ಬರೆದೆ. ಹಂಡೆಯಷ್ಟು ದೊಡ್ಡ ಗುಂಡು ಎಂದ ಕೂಡಲೇ ಅಣ್ಣನಿಗೆ ತಂಗಿ ನೆನಪಾದಳು. ನಿನ್ನ ಪೆಟಿಫರ್ ದೊರೆಗೆ ಬೇಕಾಗಿದೆಯೋ? ಅಥವಾ ಆ ಮೂಲೆಯಲ್ಲಿ ನಿನ್ನದೇ ಏನೋ ಇದೆಯೋ? ಸಣ್ಣವನಿದ್ದಾಗಿನಿಂದಲೂ ನಿನಗೆ ಮೊದಲ ಆಯ್ಕೆ ನಿನ್ನದೇ ಆಗಬೇಕು. ಗೋಡೆ ಎಲ್ಲಿ ಕುಸಿದರೂ ಧೂಳು ಕೂರುವ ಮೊದಲೇ ಬುಟ್ಟಿ ಹಿಡಿದು ಓಡುತ್ತಿದ್ದವನು ನೀನು. ಸೆತ್‌ನ ಅತ್ಯುತ್ತಮ ಕಲ್ಲಿಗೆ ಅವನಿಗೆ ಹೇಳದೆ ಹಾವಿನ ತಲೆ ಕೆತ್ತಿ ಬೇಸಿಗೆ ಪ್ರವಾಸಿಗರಿಗೆ ಮಾರಿದವನೂ ನೀನೇ. ಆ ತಲೆಗಾಗಿಯೇ ಅಲ್ಲವೇ ಅವನು ಮಾತು ಬಿಟ್ಟದ್ದು? ಸಾಯುವ ತನಕ ಆಡಲಿಲ್ಲ.

ಹೋಗಬೇಡ ಎಂದರೆ ಬಿಡುವವಳಲ್ಲ ನಾನು. ಕೆಲಸ ಅರ್ಧ ಮುಗಿದಿದೆ. ಈ ವರ್ಷ ಗೋಡೆಯಿಂದ ಪುಡಿ ಬಹಳ ಉದುರುತ್ತದೆ, ಮೇಲೆ ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ. ತಲೆಗೆ ಸ್ಕಾರ್ಫ್ ಬಿಗಿದುಕೊಂಡರೆ ಆಯಿತು. ಮೇಲಿನ ಮುಳ್ಳುಗಿಡವೂ ಮುದಿಯಾಗಿ ಕಡಲ ಕಡೆ ಬಗ್ಗಿ ನೋಡುತ್ತಿದೆ. ಅದರ ಪಕ್ಕದ ಹೊಲದಲ್ಲಿ ರೈತ ಡೇಲ್‌ನ ಕುರಿಗೇಟು ಚಿಲಕಕ್ಕೆ ಕೂರುವುದಿಲ್ಲವಂತೆ, ಒಂದು ಗೇಣು ಅಂತರ. ಸೋಮಾರಿ, ಹಗ್ಗ ಕಟ್ಟಿಟ್ಟಿದ್ದಾನೆ. ನಾನು ಹೆದರುವುದಿಲ್ಲ. ಗೋಡೆ ನಮ್ಮ ಮನೆಯಿಂದ ತನ್ನ ಪಾಲು ತೆಗೆದುಕೊಂಡಾಗಿದೆ.

ಏಮಸ್ ಆ ದಿನ ದೋಣಿ ಬಿಟ್ಟು ಹಗ್ಗ ಹಿಡಿಯಲು ಬರುತ್ತಾನೆ, ಅವನಮ್ಮನಿಗೆ ಹೇಳದೆ. ಆದರೆ ಅವಳಿಗೆ ಗೊತ್ತಾಗುತ್ತದೆ. ಟಪ್ಪಾಲಿನ ಪೆಕೆಟ್ ಅಮ್ಮ ಇರುವ ತನಕ ಈ ಊರಲ್ಲಿ ಗುಟ್ಟು ಎಲ್ಲಿದೆ? ಹೋದ ತಿಂಗಳು ಡೇಲ್‌ಗೆ ತಂತಿ ಬಂದಾಗ ಬೀದಿಯ ತಲೆಯಿಂದ ಬುಡದ ತನಕ ಗಟ್ಟಿಯಾಗಿ ಓದುತ್ತಲೇ ಬಂದಳು. ಅವನ ಅತ್ತೆ ಸತ್ತ ಸುದ್ದಿ ಅವನಿಗಿಂತ ಮೊದಲು ಮೀನಿನ ಅಂಗಡಿಗೆ ತಲುಪಿತ್ತು.

ಹೆಸ್ಟರ್


ಲೀಡ್ಸ್
9 ಮಾರ್ಚ್ 1889

ಹೆಸ್ಟರ್,

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಬೈದದ್ದೆಲ್ಲ ಸರಿ, ಇನ್ನಷ್ಟು ಬೈ. ಆದರೆ ಒಂದು ವಿಷಯ ತಿಳಿಸು. ಡೇಲ್‌ನ ಗೇಟಿನ ಕಂಬ ವಾಲಿರುವುದು ಯಾವ ಕಡೆಗೆ? ಕಡಲ ಕಡೆಗೋ, ಹೊಲದ ಕಡೆಗೋ? ಗೇಟಿನಿಂದ ಮುಳ್ಳುಗಿಡದ ತನಕ ಹುಲ್ಲಿನಲ್ಲಿ ಏನಾದರೂ ಗೆರೆ ಕಾಣುತ್ತದೆಯೇ? ಸುಮ್ಮನೆ ಕೇಳಿದೆ.

ಯಜಮಾನರು ಅಷ್ಟು ದೊಡ್ಡ ಕಲ್ಲು ಕೊಳ್ಳುವುದಿಲ್ಲ, ಇಡಲು ಜಾಗವಿಲ್ಲ ಎನ್ನುತ್ತಾರೆ. ಆದ್ದರಿಂದ ಅದರ ಆಸೆ ಬಿಡು.

ಇನ್ನೊಂದು ಮಾತು. ನೀನು ಫೆಬ್ರವರಿಯಲ್ಲಿ ಕೇಳಿದ್ದನ್ನು ಮಾಡುತ್ತೇನೆ. ಈಸ್ಟರ್ ಮುಂಚಿನ ಭಾನುವಾರ ಬಂದು, ‘ನಾನೇ ಎತ್ತಿಡಲು ಹೇಳಿದ್ದೆ’ ಎನ್ನುತ್ತೇನೆ. ಚರ್ಚಿನಲ್ಲೇ ಹೇಳುತ್ತೇನೆ. ಬದಲಿಗೆ ನೀನು ಇಷ್ಟು ಮಾಡು, ಮುಳ್ಳುಮೂಲೆಯನ್ನು ಬಿಡು. 19ನೇ ತಾರೀಕು ಮನೆಯಲ್ಲಿರು.

ಗಿಡಿಯನ್


ಕೆಟಲ್‌ವಿಕ್
14 ಮಾರ್ಚ್ 1889

ಗಿಡಿಯನ್,

ಹಾಗಾದರೆ ನಿನಗೆ ಸುಳ್ಳು ಹೇಳಲು ಬರುತ್ತದೆ. ನನ್ನ ಗಂಡನ ಮಾನಕ್ಕಾಗಿ ಹೇಳು ಎಂದಾಗ ದೇವರು ಅಡ್ಡ ಬಂದ. ಒಂದು ಗುಂಡುಕಲ್ಲು ಕೈತಪ್ಪುತ್ತದೆ ಎಂದಾಗ ಅದೇ ದೇವರು ಪಕ್ಕಕ್ಕೆ ಸರಿದ. ಸೆತ್‌ನ ಹೆಸರನ್ನು ನೀನು ಇಷ್ಟಕ್ಕೆ ಕೊಡುತ್ತೀಯ, ನನ್ನ ಮೂಲೆಗೆ ಬದಲಾಗಿ. ಸಂತೆಯಲ್ಲಿ ಮೀನು ಕೇಳುವವರೂ ಇದಕ್ಕಿಂತ ಮರ್ಯಾದೆಯಿಂದ ಕೇಳುತ್ತಾರೆ.

ಗುಂಡು ಮೂರು ಕಡೆ ಬಿಡಿಸಿಯಾಗಿದೆ. ಮಂಗಳವಾರ ಹನ್ನೊಂದಕ್ಕೆ ಎಳೆಯುತ್ತೇವೆ.

ಇದು ನನ್ನ ಕೊನೆಯ ಕಾಗದ. ನಿನ್ನ ಅಕ್ಷರವಿರುವ ಲಕೋಟೆ ಇನ್ನು ಮೇಲೆ ಬಂದರೆ ಒಡೆಯದೆ ವಾಪಸು ಕೊಡುತ್ತೇನೆ. ನಿನಗಾಗಿ ಅತ್ತದ್ದು ಸಾಕಾಗಿದೆ ನನಗೆ. ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ.

ಹೆಸ್ಟರ್


ತಂತಿ
ಲೀಡ್ಸ್‌ನಿಂದ, 19 ಮಾರ್ಚ್ 1889, ಬೆಳಿಗ್ಗೆ 8.05

ಹೆಸ್ಟರ್, ಕೆಟಲ್‌ವಿಕ್. ಪೆಕೆಟ್ ಅಮ್ಮ ಗಟ್ಟಿಯಾಗಿ ಓದಲಿ. ಸೆತ್ ಕಳ್ಳನಲ್ಲ. ಗುಂಡು ನನ್ನದಲ್ಲ, ಜೋಡಿಕಲ್ಲು ಸುಳ್ಳು ಗುರುತು. ಗೋಡೆ ಬಿರುಕು ಬಿಟ್ಟದ್ದು ನನಗೆ ಆವತ್ತು ಬೆಳಿಗ್ಗೆಯೇ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬಿರುಕು ಗೇಟಿನಿಂದ ಮುಳ್ಳುಗಿಡದವರೆಗೆ. ಬಿದ್ದದ್ದು ಅರ್ಧವೇ. ಇನ್ನರ್ಧ ನಿಮ್ಮ ತಲೆಯ ಮೇಲಿದೆ. ಮುಳ್ಳುಮೂಲೆ ಬಿಟ್ಟು ಓಡಿ. ಗಿಡಿಯನ್.


ಲೀಡ್ಸ್
19 ಮಾರ್ಚ್ 1889, ಮಂಗಳವಾರ

ಹೆಸ್ಟರ್,

ನೀನು ಇದನ್ನು ಒಡೆಯುತ್ತೀಯೋ ಇಲ್ಲವೋ, ಒಡೆಯಲು ಇರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಗಡಿಯಾರ ಒಂಬತ್ತೂಕಾಲು ತೋರಿಸುತ್ತಿದೆ.

ಹದಿನೈದರಂದು ನಿನಗೆ ಬರೆದಿದ್ದೆ. ನಿನ್ನೆ ಸಂಜೆಯ ಟಪ್ಪಾಲಿಗೆ ಅದು ವಾಪಸು ಬಂತು, ‘ಬೇಡ’ ಎಂದು ನಿನ್ನ ಅಕ್ಷರದಲ್ಲಿ. ಅಷ್ಟರಲ್ಲಿ ಕೊನೆಯ ರೈಲು ಹೋಗಿತ್ತು. ಇವತ್ತಿನ ಮೊದಲ ರೈಲು ವಿಟ್ಬಿ ಮುಟ್ಟುವುದೇ ಒಂದೂವರೆಗೆ. ಉಳಿದದ್ದು ತಂತಿಯೊಂದೇ. ತಂತಿಯನ್ನು ನೀನು ಒಡೆಯಬೇಕಾಗಿಲ್ಲ, ಪೆಕೆಟ್ ಅಮ್ಮ ಬೀದಿಯ ತಲೆಯಿಂದಲೇ ಓದಿಕೊಂಡು ಬರುತ್ತಾಳೆ. ನಿನಗೆ ಕೇಳಬೇಕಾದರೆ ಊರಿಗೆಲ್ಲ ಕೇಳಬೇಕು. ಏಳು ವರ್ಷ ನಾನು ಹೆದರಿದ್ದು ಅದಕ್ಕೇ. ತಂತಿ ಕಚೇರಿಯ ಗುಮಾಸ್ತ ಮಾತುಗಳನ್ನು ಎಣಿಸುತ್ತಾ ತಲೆಯೆತ್ತಿ ನನ್ನ ಮುಖ ನೋಡಿದ. ನೋಡಲಿ ಎಂದುಕೊಂಡೆ.

ಸೆತ್ ಸತ್ತ ದಿನ ಬೆಳಿಗ್ಗೆ ಹಾಲು ತರಲು ಡೇಲ್‌ನ ಹೊಲದ ಮೇಲೆ ಹೋಗುತ್ತಿದ್ದೆ. ಹುಲ್ಲಿನಲ್ಲಿ ಬಿರುಕು ಕಂಡಿತು. ಗೇಟಿನ ಕಂಬದಿಂದ ಹೊರಟು ಮುಳ್ಳುಗಿಡದ ತನಕ. ಮುಷ್ಟಿ ಹಾಕಿ ನೋಡಿದೆ, ಮೊಣಕೈ ತನಕ ಹೋಯಿತು. ಎರಡು ದಿನದಲ್ಲಿ ಬೀಳುತ್ತದೆ ಎಂದುಕೊಂಡೆ. ಕೂಗಿ ಹೇಳಬೇಕಾಗಿತ್ತು. ಹೇಳಲಿಲ್ಲ, ಏಕೆಂದರೆ ಗೋಡೆ ಬಿದ್ದ ಮೇಲೆ ಹೊಸ ಗುಂಡುಗಳು ಹೊರಗೆ ಬೀಳುತ್ತವೆ, ಹೇಳಿದರೆ ಇಡೀ ಊರು ಬುಟ್ಟಿ ಹಿಡಿದು ಕಾಯುತ್ತದೆ. ಮೊದಲ ಆಯ್ಕೆ ನನ್ನದಾಗಬೇಕಿತ್ತು. ನೀನು ನನ್ನನ್ನು ಸರಿಯಾಗಿಯೇ ಬಲ್ಲೆ.

ಆದರೆ ಯಾರೂ ಸಾಯುವುದು ನನಗೆ ಬೇಕಿರಲಿಲ್ಲ ಹೆಸ್ಟರ್, ಇಷ್ಟನ್ನು ನಂಬು. ಕೆಳಗಿಳಿದು ಗೋಡೆಯ ಬುಡದಲ್ಲಿ ಕೈಗೆ ಸಿಕ್ಕ ಒಂದು ಗುಂಡಿನ ಮೇಲೆ ನನ್ನ ಜೋಡಿಕಲ್ಲಿಟ್ಟೆ. ತಟ್ಟಿಯೂ ನೋಡಲಿಲ್ಲ. ಇನ್ನೊಬ್ಬರ ಗುರುತಿನ ಹತ್ತಿರ ನಮ್ಮೂರಲ್ಲಿ ಯಾರೂ ಸುಳಿಯುವುದಿಲ್ಲವಲ್ಲ. ಬೇಲಿ ಹಾಕಿದ ಹಾಗಾಯಿತು ಎಂದುಕೊಂಡೆ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಮನೆಗೆ ಹೋಗಿ ಹೆರಿಂಗ್ ಹುರಿದು ತಿಂದೆ.

ಹತ್ತೂ ಇಪ್ಪತ್ತು.

ಎಲ್ಲರನ್ನೂ ದೂರವಿಡುವ ಗುರುತು ಒಬ್ಬನನ್ನು ಮಾತ್ರ ಹತ್ತಿರ ಕರೆಯುತ್ತದೆ ಎಂಬುದು ಹೊಳೆಯಲೇ ಇಲ್ಲ. ಉಬ್ಬರ ಏರುತ್ತಿತ್ತು. ಹೆಂಡತಿಯ ಅಣ್ಣನ ಗುಂಡನ್ನು ನೀರು ಒಯ್ಯುತ್ತದೆ ಎಂದು ಸೆತ್ ಇಳಿದ. ನಾನು ಹೇಳಿರಲಿಲ್ಲ, ನಿಜ. ಮಾತು ಬಿಟ್ಟವನಿಗೆ ಹೇಳುವುದು ಹೇಗೆ? ಹೇಳದೆಯೂ ಎತ್ತಿ ನನ್ನ ಬಾಗಿಲಿಗೆ ತಂದಿಟ್ಟಿದ್ದರೆ ನಮ್ಮ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ಬಿಡದೆ ರಾಜಿಯಾಗಲು ಅವನಿಗೆ ಅದೊಂದು ದಾರಿ ಸಿಕ್ಕಿತ್ತು. ಇದು ನನಗೆ ಸಮಾಧಿಯ ಹತ್ತಿರ ನಿಂತಾಗಲೇ ಗೊತ್ತಿತ್ತು. ‘ಹೇಳಿದ್ಯಾ?’ ಎಂದು ಕೇಳಿದಾಗ ‘ಹೇಳಿದ್ದೆ’ ಎಂದರೆ, ‘ಬಿರುಕು ಬಿಟ್ಟ ಗೋಡೆ ಕೆಳಗೆ ಯಾಕೆ ಕಳಿಸಿದೆ?’ ಎಂಬ ಪ್ರಶ್ನೆ ಬರುತ್ತಿತ್ತು. ಹೊಲದಲ್ಲಿ ನನ್ನ ಬೂಟಿನ ಗುರುತಿತ್ತು. ‘ಇಲ್ಲ’ ಎಂದೆ. ಅದು ನಿಜವಾದ ಮಾತಾಗಿತ್ತು, ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ಬದುಕಿದೆ.

ಹನ್ನೊಂದಕ್ಕೆ ಐದು ನಿಮಿಷ. ಕೆಳಗೆ ಯಜಮಾನರು ಕರೆಯುತ್ತಿದ್ದಾರೆ, ನಾನು ಹೋಗುವುದಿಲ್ಲ. ತಂತಿ ತಲುಪಿತೋ ಇಲ್ಲವೋ. ಪೆಕೆಟ್ ಅಮ್ಮನಿಗೆ ಇವತ್ತೊಂದು ದಿನ ಕಾಲು ನೋವಿಲ್ಲದಿರಲಿ.

ಹನ್ನೊಂದೂಕಾಲು.

ಹನ್ನೊಂದೂವರೆ. ಇನ್ನು ಬರೆಯಲಾರೆ.

ಗಿಡಿಯನ್


ಕೆಟಲ್‌ವಿಕ್
1 ಏಪ್ರಿಲ್ 1889, ಸೋಮವಾರ

ಗಿಡಿಯನ್,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಒಡೆದು ಓದಿದೆ. ನಿನ್ನ ನಾಲ್ಕು ತಂತಿಗಳೂ ಬಂದವು, ‘ಬದುಕಿದ್ದೀರಾ’ ಎಂದು ಒಂದಾದ ಮೇಲೊಂದು. ಮೂರನೆಯದಕ್ಕೆ ಪೆಕೆಟ್ ಅಮ್ಮ, “ಒಂದ್ ಸಾಲು ಹಾಕೇ, ಪಾಪಿಗೂ ಎದೆ ಇರತ್ತೆ,” ಎಂದಳು. ಹಾಕಲಿಲ್ಲ. ನಾನು ಏಳು ವರ್ಷ ಕಾದೆ, ನೀನು ಹನ್ನೆರಡು ದಿನ ಕಾಯಿ ಎಂದು ಬೇಕೆಂದೇ ಸುಮ್ಮನಿದ್ದೆ. ನಾನೂ ಅಷ್ಟೇನೂ ಒಳ್ಳೆಯವಳಲ್ಲ.

ನಡೆದದ್ದು ಹೇಳುತ್ತೇನೆ. ನಾನು, ಡಾರ್ಕಸ್, ಏಮಸ್ ಮೂವರೂ ಗೋಡೆಯ ಬುಡದಲ್ಲಿದ್ದೆವು. ಗುಂಡಿಗೆ ಹಗ್ಗ ಸುತ್ತಿಯಾಗಿತ್ತು. ಹತ್ತೂಮುಕ್ಕಾಲು ಇರಬೇಕು. ಪಾಚಿಯ ಮೇಲೆ ಜಾರುತ್ತಾ, ಲಂಗ ಮೊಣಕಾಲಿಗೆ ಎತ್ತಿಕೊಂಡು ಪೆಕೆಟ್ ಅಮ್ಮ ಓಡಿ ಬರುತ್ತಿದ್ದಳು. ಅರವತ್ತೆರಡು ಅವಳಿಗೆ. ಟಪ್ಪಾಲು ಕಚೇರಿಗೆ ಬೀಗ ಹಾಕಿ ಬಂದಿದ್ದಳು, ಆ ಬೀಗ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಅವಳು ಓಡುವುದನ್ನು ಕಂಡು ಹಿಂದೆಯೇ ಹಾರ್ಲಂಡ್ ಅಮ್ಮನೂ ಓಡಿ ಬಂದಿದ್ದಳು, ಮಗನಿಗೆ ಏನಾಯಿತೋ ಎಂದು.

“ಪೂರ್ತಿ ಓದ್ತೀನಿ, ಆಮೇಲೆ ಬೈಯುವಿಯಂತೆ,” ಎಂದು ಪೆಕೆಟ್ ಅಮ್ಮ ದೂರದಿಂದಲೇ ಓದಿದಳು. ಗಾಳಿಗೆ ಅರ್ಧ ಮಾತು ಹಾರಿಹೋಯಿತು, ಎರಡನೇ ಸಲ ಓದಿದಳು. ಏಮಸ್ ಹಗ್ಗ ಬಿಟ್ಟು ಡಾರ್ಕಸ್‌ಳನ್ನು ಎಳೆದುಕೊಂಡು ಓಡಿದ. ನಾನು ಓಡಲಿಲ್ಲ. ಕಾಲು ಬರಲಿಲ್ಲ ಎಂದು ಜನಕ್ಕೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಹಗ್ಗ ಹಿಡಿದು ಅಲ್ಲೇ ಕೂತುಬಿಡೋಣ, ಗೋಡೆ ಬಿದ್ದರೆ ಬೀಳಲಿ ಎನಿಸಿತು. ‘ಸೆತ್ ಕಳ್ಳನಲ್ಲ’ ಎಂದು ಇನ್ನೊಬ್ಬರ ಬಾಯಿಂದ ಕೇಳಿದ ಮೇಲೆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಆಗ ಗೋಡೆಯ ಬುಡಕ್ಕೆ ಬಂದವಳು ಹಾರ್ಲಂಡ್ ಅಮ್ಮ. ಮೇಲಿನಿಂದ ಪುಡಿ ಸುರಿಯುತ್ತಿತ್ತು, ಅವಳ ಟೋಪಿಯೆಲ್ಲ ಬೂದಿಬಣ್ಣ. ನನ್ನ ಕೈಯಿಂದ ಹಗ್ಗ ಕಿತ್ತುಕೊಂಡಳು.

“ಏಳು.”

“ನೀನ್ ಹೋಗು,” ಎಂದೆ.

“ಸೆತ್‌ನ ಹೆಂಡ್ತೀನ ಇಲ್ಲಿ ಬಿಟ್ಟು ಹೋದ್ರೆ ನಾಳೆ ಯಾವ ಮುಖ ಹೊತ್ಕೊಂಡು ಅವಳ ಮಗಳನ್ನ ಕೇಳ್ಲಿ? ಏಳೇ ಮಾರಾಯ್ತಿ, ನಂಗೂ ಜೀವದಾಸೆ ಇದೆ.”

ಎದ್ದೆ. ಗೋಡೆ ಅಂದು ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಜನ ದೂರದಲ್ಲಿ ನಿಂತು ನೋಡಿ ನೋಡಿ ಮನೆಗೆ ಹೋಗುತ್ತಿದ್ದರು. ಗಿಡಿಯನ್ ಇದರಲ್ಲೂ ಸುಳ್ಳು ಹೇಳಿದನೇ ಎಂದು ಕೆಲವರು ಗೊಣಗಿದರು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬಿತ್ತು. ಮುಳ್ಳುಗಿಡ, ಗೇಟು, ಡೇಲ್‌ನ ಹಗ್ಗ ಎಲ್ಲ ಕೂಡಿ. ನನ್ನ ಹಂಡೆಯಷ್ಟು ದೊಡ್ಡ ಗುಂಡು ಅದರ ಕೆಳಗೆ ಎಲ್ಲೋ ಇದೆ. ಈ ಸಲ ಯಾರೂ ಬುಟ್ಟಿ ಹಿಡಿದು ಓಡಲಿಲ್ಲ.

ಮದುವೆ ಏಪ್ರಿಲ್ 27, ಶನಿವಾರ. ಲೇಸು ಹೊಲಿಯುತ್ತಿದ್ದಾರೆ. ನಿನ್ನನ್ನು ಕರೆಯಲಾರೆ. ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಸುಳ್ಳು, ಈ ಮನೆಯಲ್ಲಿ ಸುಳ್ಳಿನಿಂದ ಆದದ್ದು ಸಾಕು. ನೀನು ನಮ್ಮ ಮೂವರ ಜೀವ ಉಳಿಸಿದೆ, ಅದೂ ಗೊತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗಿನ್ನೂ ಬರುತ್ತಿಲ್ಲ.

ಈಗ ಮುಖ್ಯ ಮಾತು. ‘ಗುರುತು ಸುಳ್ಳು, ಗುಂಡು ನನ್ನದಲ್ಲ’ ಎಂದು ನೀನೇ ಊರಿನ ಮುಂದೆ ಓದಿಸಿದೆಯಲ್ಲ. ಹಾಗಾದರೆ ಅದನ್ನು ಒಡೆಯಬಹುದು ಎಂದರು ಹಿರಿಯರು. ಶನಿವಾರ ಅದನ್ನು ಬಟ್ಟೆ ಒಗೆಯುವ ಕೋಣೆಯಿಂದ ಹೊಸ್ತಿಲಿಗೆ ತಂದೆ. ಮೇಲಿದ್ದ ಕರಿ ಬಿಳಿ ಕಲ್ಲುಗಳನ್ನು ತೆಗೆದೆ. ಇಪ್ಪತ್ತು ಜನ ನೆರೆದಿದ್ದರು. ಸೆತ್‌ನ ಪ್ರಾಣ ತೆಗೆದುಕೊಂಡ ಹಾವುಗಲ್ಲು ಎಂಥದೋ ಎಂದು ಎಲ್ಲರಿಗೂ ಕುತೂಹಲ. ನಾನು ಸುತ್ತಿಗೆ ಎತ್ತುವಷ್ಟರಲ್ಲಿ ಡಾರ್ಕಸ್ ಕೈ ಅಡ್ಡ ಹಿಡಿದಳು. ಬಾಗಿ ಒಂದು ಸಲ ತಟ್ಟಿ ಕಿವಿಯಿಟ್ಟು ಕೇಳಿದಳು. ಅವಳ ಮುಖ ಬಾಡಿಹೋಯಿತು. ಸರಿದು ನಿಂತಳು. ಒಡೆದೆ.

ಖಾಲಿ. ಒಳಗೆ ಹಾವೂ ಇಲ್ಲ, ಸುರುಳಿಯೂ ಇಲ್ಲ, ಅಂಚಿನಿಂದ ಅಂಚಿಗೆ ಬರೀ ಬೂದುಗಲ್ಲು.

ಆಮೇಲೆ ಹಾರ್ಲಂಡ್ ಅಮ್ಮ ಏಪ್ರನ್ನಿನ ಅಂಚನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. ಅವಳಿಗೂ ಅರ್ಥವಾಗಿತ್ತು, ಅಲ್ಲಿದ್ದವರಿಗೆಲ್ಲ ಅರ್ಥವಾಗಿತ್ತು. ಕದಿಯುವವನು ಖಾಲಿ ಗುಂಡನ್ನು ಕದಿಯುತ್ತಾನೆಯೇ, ಅದೂ ಸೆತ್? ಏಳು ವರ್ಷ ಈ ಸಾಕ್ಷಿ ನನ್ನ ಬಟ್ಟೆಯ ತೊಟ್ಟಿಯ ಪಕ್ಕದಲ್ಲೇ ಕೂತಿತ್ತು. ನಿನ್ನ ಗುರುತಿದೆ ಎಂದು ಊರೇ ಅದನ್ನು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಪ್ರತಿ ಸೋಮವಾರ ಅದರ ಧೂಳು ಮಾತ್ರ ಒರೆಸುತ್ತಿದ್ದೆ.

ಅರ್ಧ ತುಂಡು ಅವನ ಸಮಾಧಿಯ ಮೇಲಿಟ್ಟಿದ್ದೇನೆ. ನಿನ್ನೆ ಚರ್ಚು ಮುಗಿಸಿ ಹೋದಾಗ ಅದರ ಮೇಲೆ ಯಾರೋ ಜೋಡಿಕಲ್ಲಿಟ್ಟಿದ್ದರು. ಯಾರ ಗುರುತೆಂದು ತಿಳಿಯಲಿಲ್ಲ, ಕೇಳಲೂ ಇಲ್ಲ.

ಇನ್ನರ್ಧ ಈ ಪೆಟ್ಟಿಗೆಯಲ್ಲಿ ನಿನಗೆ ಕಳಿಸಿದ್ದೇನೆ. ಒಡೆದ ಗುಂಡು ಸದ್ದು ಕೊಡುವುದಿಲ್ಲ, ನಿನಗೆ ಏನೂ ಕೇಳಿಸದು. ಆದರೆ ಅವನಿಗೆ ಕೇಳಿಸಿತ್ತು. ಖಾಲಿ ಕಲ್ಲನ್ನು ಒಂದು ಹೆಜ್ಜೆ ಹೊರದವನು, ನಿನ್ನ ಗುರುತಿದೆ ಎಂದು ಅದನ್ನು ಎದೆಗವುಚಿಕೊಂಡ. ಅವನು ತಟ್ಟಿ ನೋಡಿಯೇ ಎತ್ತಿದ್ದು, ಅಣ್ಣಾ.

ಹೆಸ್ಟರ್